ಸಂದಿಲ್ಲದ ಕಲ್ಲು

ನಮ್ಮ ಬಸವನಗುಡಿ ಮನೆಯ ಅಡುಗೆಕಟ್ಟೆಗೆ ಹೊಸ ಕಲ್ಲು ಹಾಕಿಸುವ ಮಾತು ಬಂದದ್ದು ಜಿರಲೆಗಳಿಂದ. ಸಿಂಕಿನ ಕೆಳಗೆ ನೀರು ಜಿನುಗುತ್ತಿತ್ತು. ಪ್ಲಂಬರ್ ಬಂದು ಪೈಪು ಬಿಚ್ಚಿದ. ಆಮೇಲೆ ಕಲ್ಲನ್ನು ಸ್ವಲ್ಪ ಎತ್ತಿ ನೋಡೋಣ ಎಂದು, ಕಟ್ಟೆಯ ಎರಡು ಕಡಪ ಕಲ್ಲುಗಳ ನಡುವಿನ ಸಂದಿಗೆ ಉಳಿ ಹಾಕಿ ಮೀಟಿದ. ಒಳಗಿನಿಂದ ಒಂದು ದಪ್ಪ ಜಿರಲೆ ಬಂತು. ಅದರ ಹಿಂದೆ ಅದರ ಸಂಸಾರವೆಲ್ಲ ಬಂತು. ಅವುಗಳ ಹಿಂದೆ ಬಂದ ವಾಸನೆಯನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ. ಉಳಿಯ ತುದಿಗೆ ಅಂಟಿಕೊಂಡು ಕಪ್ಪಗೆ, ಮೆತ್ತಗೆ, ಎಳೆ ಎಳೆಯಾಗಿ ಏನೋ ಎದ್ದು ಬಂತು. ಎಷ್ಟೋ ವರ್ಷಗಳ ಎಣ್ಣೆ, ಗಂಜಿ, ಹಾಲು, ಹುಳಿ, ಒರೆಸುವ ಬಟ್ಟೆಯ ನೂಲು, ಸತ್ತ ಇರುವೆ ಎಲ್ಲ ಸೇರಿ ಒಲೆಯಿಲ್ಲದೆಯೇ ಪಾಕವಾದ ಪದಾರ್ಥ. ಅವನು ಅದನ್ನು ಪೇಪರಿನ ಮೇಲೆ ಇಟ್ಟು, "ಇದೇನಮ್ಮ, ಗ್ರೀಸ್ ಹಾಕ್ಸಿದ್ರಾ?" ಎಂದು ಕೇಳಿದ. ನಾನು ಹಿತ್ತಿಲಿಗೆ ಹೋಗಿ ನಿಂತುಕೊಂಡೆ.

ಹಿತ್ತಿಲಲ್ಲಿ ನಿಂತು ಯೋಚಿಸಿದರೆ ಇನ್ನೂ ಹೇಸಿಗೆಯಾಯಿತು. ಯಾಕೆಂದರೆ ಆ ಸಂದು ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಮಡಿಯಾದ ಜಾಗ. ಅದು ಗಡಿ. ಕಿಟಕಿಯ ಕಡೆಯ ಕಲ್ಲು ನಮ್ಮ ಅತ್ತೆಯದು. ಅವರ ಒಂಟಿ ಒಲೆ, ಹಾಲಿನ ಪಾತ್ರೆ, ಮೊಸರು, ತುಪ್ಪ, ಉಪ್ಪಿನಕಾಯಿ ಜಾಡಿ, ದೇವರ ನೈವೇದ್ಯದ ಪುಟ್ಟ ತಪ್ಪಲೆ ಎಲ್ಲ ಅಲ್ಲಿ. ಬಾಗಿಲ ಕಡೆಯ ಕಲ್ಲು ನನ್ನದು. ದೊಡ್ಡ ಒಲೆ, ಕುಕ್ಕರ್, ಮಿಕ್ಸಿ, ಸಿಂಕು, ತೊಳೆಯುವ ಪಾತ್ರೆಗಳ ರಾಶಿ ಎಲ್ಲ ನನ್ನ ಕಡೆ. ನಾನು ಮದುವೆಯಾಗಿ ಬರುವಷ್ಟರಲ್ಲೇ ಈ ಏರ್ಪಾಟು ಆಗಿತ್ತು. ಯಾರು ಮಾಡಿದರು ಎಂದು ನಾನು ಕೇಳಲಿಲ್ಲ. ಅಡುಗೆಮನೆಯ ಏರ್ಪಾಟೆಂದರೆ ಅತ್ತೆಯದಲ್ಲದೆ ಇನ್ನಾರದು?

ಅಂದಿನಿಂದ ನಮ್ಮ ಮನೆಗೆ ಎರಡು ಪ್ಯಾಕೆಟ್ ಹಾಲು ಬರುತ್ತದೆ. ಒಂದೇ ಅಂಗಡಿಯದು, ಒಂದೇ ಬಣ್ಣದ್ದು. ಒಂದು ಗಡಿಯ ಆಚೆ ಕಾಯುತ್ತದೆ, ಒಂದು ಈಚೆ. ಎರಡೂ ಉಕ್ಕುವುದು ಒಂದೇ ರೀತಿ.

ನನ್ನ ತವರು ನಗರ್ತಪೇಟೆ. ಗುಂಡಿ, ದಾರ, ಲೇಸು ಮಾರುವ ಅಂಗಡಿ, ಅದರ ಮೇಲೆ ಮನೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡು, ಪೂಜೆಯಾಗದೆ ಬಾಯಿಗೆ ಹನಿ ನೀರು ಹಾಕದ ಜನ. ಗಂಡನದು ಜನಿವಾರದ ಮನೆ, ಮೇಷ್ಟರುಗಳ ವಂಶ. ಎರಡೂ ಮನೆಗಳಲ್ಲಿ ಈರುಳ್ಳಿಗಿಂತ ದೊಡ್ಡ ಪಾಪ ಬೆಂದದ್ದಿಲ್ಲ. ಒಂದೇ ಬ್ಯಾಂಕಿನಲ್ಲಿ ಕೆಲಸ ಮಾಡುತ್ತ ಪರಿಚಯವಾಗಿ, ನಮ್ಮಷ್ಟಕ್ಕೆ ನಾವು ಮದುವೆಯಾದೆವು. ಮೇಲುಕೀಳಿನ ಕಾಯಿಲೆ ಅವರಿಗೆ ಮಾತ್ರ ಇತ್ತು ಎಂದು ನಾನು ಹೇಳುವುದಿಲ್ಲ. ನಮ್ಮಜ್ಜಿ ಲಿಂಗ ಕಟ್ಟದವರ ಮನೆಯಲ್ಲಿ ನೀರೂ ಕುಡಿಯುತ್ತಿರಲಿಲ್ಲ. ನನ್ನ ಮದುವೆಯಾದ ಮೇಲೆ ಒಂದು ಸಲ ಇಲ್ಲಿಗೆ ಬಂದವಳು ಹಜಾರದಲ್ಲಿ ಕೂತು, ಚೀಲದಿಂದ ತಾನೇ ತಂದ ಬಾಳೆಹಣ್ಣು ತೆಗೆದು ತಿಂದು, ಸಿಪ್ಪೆಯನ್ನೂ ಚೀಲಕ್ಕೇ ಹಾಕಿಕೊಂಡು ಹೋದಳು. ಅತ್ತೆಯೂ ಅಜ್ಜಿಯೂ ಒಬ್ಬರನ್ನೊಬ್ಬರು ಬಹಳ ಮೆಚ್ಚಿಕೊಂಡರು.

ಗಂಡನನ್ನು ಮನೆಯಲ್ಲಿ 'ನೀವು' ಎನ್ನುತ್ತೇನೆ. ಇಲ್ಲಿ ಬರೆಯುವಾಗ ಆ ಮರ್ಯಾದೆ ಕೊಡಲು ಕೈ ಬರುತ್ತಿಲ್ಲ.

ಗಡಿಗೆ ಕಾರಣ ನಾನಲ್ಲ, ಮುಸುರೆ ಎಂದು ಎಲ್ಲರೂ ಹೇಳುತ್ತಿದ್ದರು. ಬೆಂದ ಅನ್ನ ಮುಟ್ಟಿದ ಕೈ, ಸೌಟು, ಜಾಗ ಎಲ್ಲ ಮುಸುರೆ. ನೀರು ಮುಟ್ಟದೆ ಆ ಕೈಯನ್ನು ಹಾಲು ಮೊಸರಿಗೆ ಹಾಕಬಾರದು. ಇರಲಿ, ಕೈ ತೊಳೆಯಿರಿ ಎನ್ನುವ ನಿಯಮಕ್ಕೆ ನನ್ನದೇನೂ ತಕರಾರಿಲ್ಲ. ಬಂದ ಹೊಸದರಲ್ಲಿ ಕೈ ತೊಳೆದು ತೊಳೆದು ನನ್ನ ಬೆರಳುಗಳು ಧೋಬಿಯ ಬೆರಳಿನ ಹಾಗೆ ಬಿಳಿಚಿಕೊಂಡಿದ್ದವು. ಆದರೂ ಆ ಕಡೆ ಕೈ ಚಾಚಿದರೆ, "ಇರ್ಲಿ ಬಿಡಮ್ಮ, ನಾನೇ ತೆಕ್ಕೊಡ್ತೀನಿ" ಎಂಬ ಮೆತ್ತನೆಯ ದನಿ ಬರುತ್ತಿತ್ತು. ಗಂಡನ ಅಕ್ಕ ಮಲ್ಲೇಶ್ವರದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಬಂದವಳೇ ಬಸ್ಸಿನ ಕಂಬಿ ಹಿಡಿದ ಕೈಯಲ್ಲಿ ಮೊಸರಿಗೆ ಬೆರಳು ಅದ್ದಿ, ನೆಕ್ಕಿ, "ಹುಳಿ ಆಗ್ಬಿಟ್ಟಿದೆ ಕಣಮ್ಮ" ಎನ್ನುತ್ತಿದ್ದಳು. ಆ ಬೆರಳಿಗೆ ಮುಸುರೆ ಇಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಚಿಕ್ಕವಳಿದ್ದಾಗ ಎರಡೂ ಕಲ್ಲಿನ ಮೇಲೆ ಕೂತು ಕಾಲಾಡಿಸುತ್ತಿದ್ದಳು. ಅವಳಿಗೂ ಇಲ್ಲ. ಹಾಗಾದರೆ ಮುಸುರೆ ಯಾರು ಎಂದು ತಿಳಿಯುವುದಕ್ಕೆ ಬ್ಯಾಂಕಿನ ಪರೀಕ್ಷೆ ಪಾಸು ಮಾಡಬೇಕಿರಲಿಲ್ಲ.

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಈ ಮನೆಯಲ್ಲಿ ಯಾರೂ ಬೈಯುವುದಿಲ್ಲ. ಹಬ್ಬಕ್ಕೆ ಒಳ್ಳೆಯ ಸೀರೆ ಕೊಡುತ್ತಾರೆ, ಬಂದವರ ಮುಂದೆ ನನ್ನ ಸಾರನ್ನು ಹೊಗಳುತ್ತಾರೆ, ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಾರೆ. ಕಲ್ಲು ಮಾತ್ರ ಮುಟ್ಟಗೊಡುವುದಿಲ್ಲ. ಈ ನಯವಿದೆಯಲ್ಲ, ಅದರಷ್ಟು ಅಸಹ್ಯದ್ದು ಬೇರೆ ಇಲ್ಲ. ಅದಕ್ಕೆ ಉತ್ತರ ಕೊಡಲು ಬರುವುದಿಲ್ಲ. ಕೊಡಲು ಹೋದರೆ ನಾವೇ ಕೆಟ್ಟವರು.

ಪ್ಲಂಬರ್ ಹೋದ ಮೇಲೆ ಆ ಕಪ್ಪು ಪದಾರ್ಥವನ್ನು ಪೇಪರಿನ ಸಮೇತ ಮಡಿಸಿ ಕಸಕ್ಕೆ ಹಾಕುವಾಗಲೇ ತೀರ್ಮಾನಿಸಿದೆ. ಹೊಸ ಕಲ್ಲು ಒಂದೇ ಇರಬೇಕು. ಗೋಡೆಯಿಂದ ಗೋಡೆಗೆ, ಸಂದಿಲ್ಲದ ಒಂದೇ ಕಲ್ಲು. ಬಣ್ಣ ಯಾವುದಾದರೂ ಆಗಲಿ, ಜಾತಿ ಯಾವುದಾದರೂ ಆಗಲಿ. ಐವತ್ತು ದಾಟಿದ ಹೆಂಗಸು ನಾನು. ನನ್ನ ಮನೆಯ ಅಡುಗೆಕಟ್ಟೆಯನ್ನು ಒಂದು ದಿನ ಈ ತುದಿಯಿಂದ ಆ ತುದಿಯವರೆಗೆ ಕೈ ಎತ್ತದೆ ಒರೆಸಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ. ಯಾರಿಗೂ ಹಾಗೆಂದು ಹೇಳಲಿಲ್ಲ. "ಸಂದಿಲ್ಲದಿದ್ರೆ ಜಿರಲೆ ಬರಲ್ಲ" ಎಂದೆ. ಜಿರಲೆಯ ಮಾತಿಗೆ ಯಾವ ಮನೆಯಲ್ಲೂ ಎದುರಾಡುವವರಿಲ್ಲ.

ಕಲ್ಲು ಆರಿಸಲು ನಾನೂ ಗಂಡನೂ ಅಂಗಡಿ ಅಂಗಡಿ ಅಲೆದೆವು. ಮೊದಲು ನೋಡಿದ್ದು ಮಾರ್ಬಲ್. ನಿಂಬೆರಸ ಬಿದ್ದರೆ ಮಚ್ಚೆ, ಹುಣಸೆ ತಾಗಿದರೆ ಮಚ್ಚೆ, ಮಜ್ಜಿಗೆ ಚೆಲ್ಲಿದರೆ ಮಚ್ಚೆ. ಹುಣಸೆಹಣ್ಣಿಲ್ಲದೆ ಅಡುಗೆ ಮಾಡಲು ನಾನೇನು ಆಸ್ಪತ್ರೆ ನಡೆಸುತ್ತೇನೆಯೇ? ಅಂಗಡಿಯವನು ಬಹಳ ದುಃಖದಿಂದ, ವರ್ಷಕ್ಕೊಮ್ಮೆ ಅದಕ್ಕೆ ಏನೋ ಎಣ್ಣೆ ಬಳಿಸಬೇಕು ಎಂದ. ಬಾಣಂತಿಗೂ ಅಷ್ಟು ಆರೈಕೆ ಮಾಡುವುದಿಲ್ಲ.

ಆಮೇಲೆ ಕ್ವಾರ್ಟ್ಜ್. ಅದರ ಶೋರೂಮಿನಲ್ಲಿ ಎ.ಸಿ., ಗಾಜಿನ ಬಾಗಿಲು, ಮೂಗಿಗೆ ಹೊಡೆಯುವ ಸೆಂಟಿನ ವಾಸನೆ. ಕಲ್ಲುಗಳು ಹಲ್ಲುಪುಡಿಯಷ್ಟು ಬೆಳ್ಳಗೆ. ಚೂಪು ಮೂತಿಯ ಬೂಟು ಹಾಕಿಕೊಂಡಿದ್ದ ಸೇಲ್ಸಿನವನು ಬಂದು ಒಂದು ತುಂಡಿನ ಮೇಲೆ ಕಾಫಿ ಚೆಲ್ಲಿದ, ಕೆಚಪ್ ಹಿಂಡಿದ, ಒಂದು ಬಟ್ಟೆ ತೆಗೆದು ಒರೆಸಿದ. "ನೋಡಿ ಮೇಡಂ, ಜೀರೋ ಸ್ಟೇನ್" ಎಂದ. ಆ ಬಟ್ಟೆ ಬೆಳಗ್ಗೆಯಿಂದ ಎಷ್ಟು ಜನರ ಎದುರು ಎಷ್ಟು ಕಾಫಿ ಒರೆಸಿತ್ತೋ, ಅದರಿಂದ ಒದ್ದೆ ನಾಯಿಯ ವಾಸನೆ ಬರುತ್ತಿತ್ತು. ಅದೇ ಕೈಯನ್ನು ನನ್ನ ಗಂಡನ ಕೈ ಕುಲುಕಲು ಚಾಚಿದ.

"ಅರಿಶಿನ ಚೆಲ್ಲಿದ್ರೆ?" ಎಂದೆ.

"ಅರಿಶಿನ ಮಾತ್ರ ತಕ್ಷಣ ಒರೆಸ್ಬಿಡಿ ಮೇಡಂ. ಬಿಸಿ ಪಾತ್ರೆ ಡೈರೆಕ್ಟಾಗಿ ಇಡ್ಬೇಡಿ."

"ಮತ್ತೇನಪ್ಪ ಇಡೋದು?"

"ಫ್ಲವರ್ ವಾಸ್ ಇಡ್ಬಹುದು ಮೇಡಂ. ಫ್ರೂಟ್ ಬೋಲ್ ಚೆನ್ನಾಗಿ ಕಾಣ್ಸುತ್ತೆ."

ಗಂಡನಿಗೆ ಆ ಬಿಳಿ ಬಹಳ ಹಿಡಿಸಿತು. "ನೀಟಾಗಿದೆ" ಎಂದು ಅಂಗೈಯಲ್ಲಿ ಸವರಿದ. ಎರಡು ತುಂಡು ಸೇರಿಸಿದರೂ ಸಂದು ಎಲ್ಲಿದೆ ಎಂದು ಗೊತ್ತೇ ಆಗದ ಹಾಗೆ ಅಂಟಿಸುತ್ತೇವೆ ಎಂದು ಸೇಲ್ಸಿನವನು ಹೇಳಿದ. ಗಂಡ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, "ಸ್ವಲ್ಪ ಗೊತ್ತಾಗೋ ಹಾಗೆ ಮಾಡಕ್ಕಾಗುತ್ತಾ?" ಎಂದು ಕೇಳಿದ.

ಸೇಲ್ಸಿನವನಿಗೆ ಅರ್ಥವಾಗಲಿಲ್ಲ. "ಸಾರ್, ಎಲ್ಲಾರೂ ಕಾಣ್ಬಾರ್ದು ಅಂತಾನೇ ಕೇಳ್ತಾರೆ."

"ಇಲ್ಲ, ನಮ್ಮ ಅಮ್ಮ ವಯಸ್ಸಾದವರು, ಅದಕ್ಕೆ" ಎಂದು ನಕ್ಕ. ಅಮ್ಮನ ಮೇಲೆ ಅವನಿಗಿರುವ ಪ್ರೀತಿ ನೋಡಿ ನನಗೆ ಸಿಟ್ಟು ಬಂದರೂ ನುಂಗಿಕೊಂಡೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾಯಮಾನ ಅವನದು. ಅದನ್ನೇ ನಾನು ಒಳ್ಳೆಯತನ ಎಂದುಕೊಂಡು ಮದುವೆಯಾಗಿದ್ದೆ.

ಮನೆಗೆ ಬಂದು ವಿಷಯ ಹೇಳಿದಾಗ ಅತ್ತೆಗೆ ಬಣ್ಣ, ಬೆಲೆ ಯಾವುದೂ ಬೇಕಿರಲಿಲ್ಲ. ಅವರ ತಕರಾರು ಒಂದೇ. "ಒಂದೇ ಕಲ್ಲು ಹಾಕ್ಸಿದ್ರೆ ಎಲ್ಲಾ ಮುಸುರೆ ಆಗತ್ತಲ್ಲಮ್ಮ. ಆ ತುದೀಲಿ ಅನ್ನದ ಪಾತ್ರೆ ಇಟ್ರೆ ಈ ತುದೀವರೆಗೂ ಬಂದ್ಬಿಡತ್ತೆ." ಅವರ ಪ್ರಕಾರ ಮುಸುರೆ ಕರೆಂಟಿನ ಹಾಗೆ. ಸಂದಿದ್ದರೆ ಅಲ್ಲಿಗೆ ನಿಲ್ಲುತ್ತದೆ, ಇಲ್ಲದಿದ್ದರೆ ಕಲ್ಲಿನ ಉದ್ದಕ್ಕೂ ಹರಿಯುತ್ತದೆ. ಆ ಸಂದಿನಲ್ಲಿ ಏನೇನು ನಿಂತಿತ್ತು ಎಂದು ಅವರೂ ಮೂಗಿಗೆ ಸೆರಗು ಮುಚ್ಚಿಕೊಂಡು ನೋಡಿದ್ದರು. ಅದು ಬೇರೆ ವಿಷಯವಂತೆ. ಅದು ಗಲೀಜು, ಮುಸುರೆಯಲ್ಲ.

ಗಂಡ ಮಲ್ಲೇಶ್ವರದ ಅವನ ಚಿಕ್ಕಪ್ಪನಿಗೆ ಫೋನ್ ಮಾಡಿದ. ಇಂಥ ಸಂದೇಹಗಳಿಗೆ ಆ ಮನೆತನದಲ್ಲಿ ಅವರದೇ ಕೊನೆಯ ಮಾತು. ನಾವು ರಾತ್ರಿಯ ಊಟಕ್ಕೆ ಕೂತಿದ್ದೆವು. ಫೋನನ್ನು ಸ್ಪೀಕರಿಗೆ ಹಾಕಿ ನೀರಿನ ಚೊಂಬಿಗೆ ಒರಗಿಸಿ ಇಟ್ಟಿದ್ದ.

"ಕಲ್ಲಿಗೆ ದೋಷ ಇಲ್ಲಪ್ಪ" ಎಂದರು ಚಿಕ್ಕಪ್ಪ. "ಆದ್ರೂ ಮನಸ್ಸಿಗೆ ಸಮಾಧಾನ ಬೇಕು ಅಂದ್ರೆ, ನಡುವೆ ಒಂದು ದರ್ಭೆ ಇಟ್ಟು ಅದರ ಮೇಲೆ ಕಲ್ಲು ಕೂರ್ಸಿ. ದರ್ಭೆ ಇದ್ರೆ ಆಚೇದು ಈಚೆ ಬರಲ್ಲ."

ಗ್ರಹಣದ ದಿನ ನಮ್ಮತ್ತೆ ಉಪ್ಪಿನಕಾಯಿ ಜಾಡಿಯ ಮೇಲೆ, ಹಾಲಿನ ಪಾತ್ರೆಯ ಮೇಲೆ ದರ್ಭೆ ಇಡುತ್ತಾರೆ, ಗ್ರಹಣ ಸೋಕದಿರಲಿ ಎಂದು. ಆಕಾಶದಲ್ಲಿ ಯಾವಾಗಲೋ ಒಮ್ಮೆ ಬರುವ ಗ್ರಹಣಕ್ಕೆ ಅದು ಸರಿ. ನನಗೆ ಶಾಶ್ವತವಾಗಿ, ಸಿಮೆಂಟಿನಲ್ಲಿ ಹುಗಿದ ದರ್ಭೆ. ನನ್ನ ಗಂಡ "ಅದೂ ಒಳ್ಳೇ ಐಡಿಯಾನೇ" ಎಂದು ತಲೆಯಾಡಿಸುತ್ತ ಅನ್ನ ಕಲಸುತ್ತಿದ್ದ. ಕಲಸುತ್ತಿದ್ದದ್ದು ನಾನು ಮಾಡಿದ ಅನ್ನ, ನಾನು ಮಾಡಿದ ಹುಳಿ. ಅವನ ಬೆರಳುಗಳ ಸಂದಿಯಿಂದ ಹುಳಿ ಇಳಿಯುವುದನ್ನು ನೋಡುತ್ತ ನನಗೆ ತಡೆಯಲಾಗಲಿಲ್ಲ.

"ದರ್ಭೆ ಯಾತಕ್ಕೆ? ನಾನೇನು ಗ್ರಹಣಾನಾ?" ಎಂದೆ.

ಫೋನಿನೊಳಗೆ ಚಿಕ್ಕಪ್ಪ ಕೆಮ್ಮಿದರು. ಗಂಡ ಎಡಗೈಯಲ್ಲಿ ತಡಕಿ ಅದನ್ನು ಆರಿಸಿದ.

"ನಾನು ಕೈ ತೊಳ್ಕೊಂಡ್ರೂ ಆ ಕಲ್ಲು ಮುಟ್ಟೋ ಹಾಗಿಲ್ಲ. ಅಕ್ಕ ಬಸ್ಸಿಂದ ಇಳಿದು ಹಾಗೇ ಮುಟ್ಬಹುದು. ಇದಕ್ಕೆ ಮುಸುರೆ ಅಂತ ಹೆಸರಿಡ್ಬೇಡಿ. ಒಂದೇ ಕಲ್ಲು ಹಾಕ್ಸಿ. ಇಲ್ಲಾಂದ್ರೆ ನಾಳೆಯಿಂದ ಆ ಅಡಿಗೆಮನೇಲಿ ನಾನು ಒಲೆ ಹಚ್ಚಲ್ಲ."

ಇಪ್ಪತ್ತೈದು ವರ್ಷಕ್ಕಿಂತ ಹೆಚ್ಚು ಕಾಲ ನುಂಗಿಕೊಂಡಿದ್ದ ಮಾತು ಇಷ್ಟು ಚಿಕ್ಕದಾಗಿತ್ತಲ್ಲ ಎಂದು ನನಗೇ ಆಶ್ಚರ್ಯವಾಯಿತು. ಗಂಡ ತಟ್ಟೆ ನೋಡುತ್ತಿದ್ದ. ಅತ್ತೆ ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ಅಗಿದು ನುಂಗಿ, ನೀರು ಕುಡಿದರು.

"ಆಗ್ಲಮ್ಮ" ಎಂದರು. "ಒಂದೇ ಹಾಕ್ಸಿ. ನಾನಿನ್ನೆಷ್ಟು ದಿನ ಆ ಒಲೆ ಮುಂದೆ ನಿಂತಿರ್ತೀನಿ."

ಜಗಳಕ್ಕೆ ಸೆರಗು ಕಟ್ಟಿ ನಿಂತವಳಿಗೆ ಎದುರಾಳಿಯೇ ಇಲ್ಲದಂತಾಯಿತು. ಗೆದ್ದ ಸಂತೋಷವೇನೂ ಆಗಲಿಲ್ಲ. ಇಷ್ಟು ಸುಲಭವಾಗಿ ಬಿಡಬಹುದಾಗಿದ್ದರೆ ಇಷ್ಟು ವರ್ಷ ಯಾಕೆ ಹಿಡಿದುಕೊಂಡಿದ್ದರು ಎಂದು ಇನ್ನೂ ಉರಿಯಿತು.

ಮುಂದಿನ ಭಾನುವಾರ ಜಿಗಣಿ ಕಡೆಯ ಒಂದು ಗ್ರಾನೈಟ್ ಯಾರ್ಡಿಗೆ ಹೋದೆವು. ತಗಡಿನ ಶೀಟಿನ ಕೆಳಗೆ ಕಲ್ಲುಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿದ್ದರು. ಕೆಳಗೆಲ್ಲ ಬಿಳಿ ಕೆಸರು. ಕಲ್ಲುಗಳ ಬುಡದಲ್ಲಿ ಗುಟ್ಕಾ ಉಗುಳಿದ ಕೆಂಪು. ಒಂದು 'ಇಟಾಲಿಯನ್' ಹೆಸರಿನ ಕಲ್ಲಿನ ಮೇಲೆ ನಾಯಿಯೊಂದು ನಮ್ಮೆದುರಿಗೇ ಕಾಲೆತ್ತಿತು. ಪಕ್ಕದಲ್ಲಿ ಇನ್ನೊಬ್ಬ ಗಿರಾಕಿ, ಒಳ್ಳೆಯ ಬಿಳಿ ಪಂಚೆ ಉಟ್ಟವರು, ಹೆಬ್ಬೆರಳಿಗೆ ಎಂಜಲು ಹಚ್ಚಿ ಕಲ್ಲಿನ ಮೇಲೆ ಉಜ್ಜಿ ಬಣ್ಣ ನೋಡುತ್ತಿದ್ದರು. ಅವರು ಸಾಲಾಗಿ ಎಲ್ಲ ಕಲ್ಲುಗಳಿಗೂ ಉಜ್ಜುತ್ತ ಬಂದಿದ್ದರು, ನಾನು ಮುಟ್ಟಿ ನೋಡಿದ್ದಕ್ಕೂ ಸಹ. ಆ ಕಲ್ಲೇ ನಾಳೆ ಯಾರದೋ ಮನೆಯಲ್ಲಿ ಮಡಿಯಾಗಿ ಕೂರುತ್ತದೆ. ಕರ್ಚೀಫಿನಿಂದ ಕೈ ಒರೆಸಿಕೊಂಡು ಕರ್ಚೀಫನ್ನೂ ಅಲ್ಲೇ ಎಸೆದೆ.

ಕೊನೆಗೆ ಆರಿಸಿದ್ದು ಕಪ್ಪು ಗ್ರಾನೈಟ್. ಹೂವಿಲ್ಲ, ಗೆರೆಯಿಲ್ಲ, ಚುಕ್ಕೆಯಿಲ್ಲ. ಬಿಸಿ ಪಾತ್ರೆ ಇಡಬಹುದು, ಹುಣಸೆಹಣ್ಣು ಕಿವುಚಬಹುದು, ಅರಿಶಿನ ಚೆಲ್ಲಿ ಸಂಜೆ ಒರೆಸಿದರೂ ಕೇಳುವವರಿಲ್ಲ. ನಮ್ಮ ಕಟ್ಟೆಯ ಪೂರ್ತಿ ಉದ್ದಕ್ಕೆ ಸಾಕಾಗುವ ಒಂದೇ ಕಲ್ಲು ಅವರಲ್ಲಿತ್ತು. "ಒಂದೇ ಪೀಸಾ, ಕಟ್ ಮಾಡಿ ಎರಡ್ ಪೀಸಾ? ಎರಡಾದ್ರೆ ಸಾಗ್ಸೋದು ಸುಲಭ" ಎಂದು ಯಾರ್ಡಿನವನು ಕೇಳಿದ. ಗಂಡ ಬಾಯಿ ತೆರೆಯುವ ಮೊದಲೇ "ಒಂದೇ" ಎಂದೆ.

ಕಲ್ಲು ಕೂರಿಸುವ ದಿನ ಮನೆಯಲ್ಲಿ ಅಡುಗೆಯಿಲ್ಲ, ಎಲ್ಲೆಲ್ಲೂ ಧೂಳು. ಅತ್ತೆಯನ್ನು ಅವರ ಮಗಳು ಮಲ್ಲೇಶ್ವರಕ್ಕೆ ಕರೆದುಕೊಂಡು ಹೋಗಿದ್ದಳು. ನಾನು ನಿಂತು ನೋಡಬೇಕೆಂದಿದ್ದೆ. ಬೆಳಗ್ಗೆ ನಾಲ್ಕು ಜನ ಆ ಕಲ್ಲನ್ನು ಹೊತ್ತು ಒಳಗೆ ತಂದದ್ದನ್ನು, ಕಟ್ಟೆಯ ಮೇಲೆ ಇಳಿಸಿದ್ದನ್ನು ನೋಡಿದೆ. ಕಿಟಕಿಯ ಬೆಳಕು ಅದರ ಮೇಲೆ ಈ ತುದಿಯಿಂದ ಆ ತುದಿಗೆ ಒಂದೇ ಸಮ ಬಿದ್ದಿತ್ತು. ಅಷ್ಟರಲ್ಲಿ ನಗರ್ತಪೇಟೆಯಿಂದ ತಮ್ಮನ ಫೋನ್ ಬಂತು. ಅಮ್ಮನಿಗೆ ಬಿ.ಪಿ. ಏರಿದೆ, ಒಮ್ಮೆ ಬಂದು ಹೋಗು ಎಂದ. "ನೀನು ಹೋಗ್ಬಿಟ್ಟು ಬಾ, ನಾನಿರ್ತೀನಲ್ಲ" ಎಂದ ಗಂಡ. ಹೋದೆ.

ಸಂಜೆ ಬಂದಾಗ ಕೆಲಸದವರು ಹೊರಟಿದ್ದರು. ಗಂಡ ನನ್ನನ್ನು ಹುಡುಗಾಟದ ಮುಖ ಮಾಡಿಕೊಂಡು ಅಡುಗೆಮನೆಗೆ ಕರೆದುಕೊಂಡು ಹೋಗಿ ಲೈಟು ಹಾಕಿದ.

ಕಲ್ಲಿನ ನಡುವೆ ಒಂದು ಗೆರೆಯಿತ್ತು. ಹಿಂದಿನ ಗೋಡೆಯಿಂದ ಮುಂದಿನ ಅಂಚಿನವರೆಗೆ, ಹಳೆಯ ಸಂದು ಇದ್ದ ಜಾಗದಲ್ಲೇ, ಕಟ್ಟರ್ ಯಂತ್ರದಲ್ಲಿ ಕೊರೆದದ್ದು. ಮೆಟ್ಟಿಲಿನ ಕಲ್ಲಿಗೆ ಕಾಲು ಜಾರದಿರಲಿ ಎಂದು ಕೊರೆಯುತ್ತಾರಲ್ಲ, ಅಂಥದ್ದು. ಕಪ್ಪು ಕಲ್ಲನ್ನು ಕೊರೆದರೆ ಒಳಗೆ ಬೂದಿ ಬಣ್ಣ ಕಾಣುತ್ತದೆ. ನೇರವಾಗಿ, ನೀಟಾಗಿ, ಬೆರಳ ಉಗುರು ಇಳಿಯುವಷ್ಟು ಆಳವಾಗಿ ಇತ್ತು. ಅದರೊಳಗೆ ಆಗಲೇ ಸ್ವಲ್ಪ ಸಿಮೆಂಟಿನ ರಾಡಿ ಕೂತಿತ್ತು.

"ಕಲ್ಲು ಒಂದೇ" ಎಂದ ಗಂಡ. "ನೀನು ಹೇಳಿದ್ದೇ ಆಯ್ತು. ಅಮ್ಮಂಗೂ ಒಂದು ಸಮಾಧಾನ ಇರ್ಲಿ ಅಂತ ಗ್ರೂವ್ ಹೊಡೆಸ್ದೆ. ಡಿಸೈನ್ ಥರ ಕಾಣ್ಸುತ್ತೆ ಅಲ್ವಾ?"

ಮೂರು ಅಂಗಡಿ ಅಲೆದು, ನಾಯಿ ಮೂತ್ರದ ನಡುವೆ ನಿಂತು ಆರಿಸಿ ತಂದ ಕಲ್ಲು. ಒಂದು ಗೀರೂ ಇಲ್ಲದ್ದು. ಅದನ್ನು ಮನೆಯೊಳಗೆ ತಂದು, ಕೂಲಿ ಕೊಟ್ಟು, ಗಾಯ ಮಾಡಿಸಿದ್ದಾನೆ. ಜಿರಲೆಗೆ ಹೊಸ ಮನೆ ಕಟ್ಟಿಸಿಕೊಟ್ಟಿದ್ದಾನೆ. ಅಷ್ಟು ಮಾಡಿ ಬಹುಮಾನಕ್ಕೆ ನಿಂತ ಹುಡುಗನ ಹಾಗೆ ನನ್ನ ಮುಖ ನೋಡುತ್ತಿದ್ದಾನೆ. ರೇಜಿಗೆಯಾಗಿ ಹೋಯಿತು. ಮುದುಕಿ ಗೆದ್ದಳು ಎಂದುಕೊಂಡು, ಊಟ ಮಾಡದೆ ಹೋಗಿ ಮಲಗಿದೆ.

ಬೆಳಗ್ಗೆ ಎದ್ದು ಬಂದರೆ ಅತ್ತೆ ನನಗಿಂತ ಮೊದಲೇ ಸ್ನಾನ ಮುಗಿಸಿ ಮಡಿಸೀರೆಯಲ್ಲಿ ಅಡುಗೆಮನೆಯಲ್ಲಿದ್ದರು. ಹಿಂದಿನ ರಾತ್ರಿ ಅವರ ಮಗಳು ತಡವಾಗಿ ತಂದು ಬಿಟ್ಟಿದ್ದರಿಂದ ಅವರು ಹೊಸ ಕಲ್ಲನ್ನು ನೋಡಿರಲಿಲ್ಲ. ಕಟ್ಟೆಯ ಮೇಲೆ ಬಗ್ಗಿ, ಕನ್ನಡಕ ಏರಿಸಿಕೊಂಡು, ಆ ಗೆರೆಯಲ್ಲಿ ಉಗುರಾಡಿಸಿ ನೋಡುತ್ತಿದ್ದರು.

"ಇದನ್ನ ಯಾಕೆ ಕೊರೆಸಿದ್ರಿ?" ಎಂದರು. "ಇದರಲ್ಲೂ ಆ ಗಲೀಜೆಲ್ಲ ತುಂಬ್ಕೊಳ್ಳತ್ತಲ್ಲ."

"ನಿಮಗೋಸ್ಕರ ಅಂತೆ" ಎಂದೆ. ನನ್ನ ದನಿಯಲ್ಲಿ ಮರ್ಯಾದೆ ಇರಲಿಲ್ಲ.

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ನಾನು ಕೇಳ್ಲಿಲ್ಲಮ್ಮ. ಅವತ್ತು ಊಟಕ್ಕೆ ಕೂತಾಗ ಆಗ್ಲಿ ಅಂದ್ನಲ್ಲ. ಆಗ್ಲಿ ಅಂದ್ಮೇಲೆ ಮುಗೀತು."

ಅವರು ಸೆರಗಿನ ತುದಿಯಿಂದ ಬೆರಳು ಒರೆಸಿಕೊಂಡರು.

"ಮೊದಲೂ ನಾನು ಕೇಳಿರ್ಲಿಲ್ಲ" ಎಂದರು. "ನೀನು ಬರೋಕ್ಕೆ ಮುಂಚೆ ಕಲ್ಲು ಎರಡಿದ್ರೂ ಕಟ್ಟೆ ಒಂದೇ ಆಗಿತ್ತು. ನಿನ್ನ ಕರ್ಕೊಂಡು ಬರೋ ಹಿಂದಿನ ದಿನ ಅವನೇ ಬಂದು ಹೇಳ್ದ. ಅಮ್ಮ, ಅವಳದ್ದು ಆ ಕಡೆ ಇರ್ಲಿ, ನಮ್ಮ ಹಾಲು ಮೊಸರು, ನೈವೇದ್ಯ ಎಲ್ಲಾ ಈ ಕಡೆ ಇರ್ಲಿ ಅಂತ. ನಾನು ಸರಿ ಅಂದೆ. ನಂಗೂ ಬೇಕಾಗಿತ್ತು, ಇಲ್ಲ ಅಂತ ಯಾಕೆ ಸುಳ್ಳು ಹೇಳ್ಲಿ. ಆದ್ರೆ ಹೇಳ್ದೋನು ಅವನು."

ಹಾಲು ಕಾಯಿಸಿಟ್ಟು ಅವರು ದೇವರಮನೆಗೆ ಹೋದರು. ನಾನು ನನ್ನ ಒಲೆ ಹಚ್ಚಿ, ನನ್ನ ಹಾಲು ಕಾಯಿಸಿ, ಡಿಕಾಕ್ಷನ್ ಬೆರೆಸಿದೆ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ನಾನು ಅಲ್ಲಿ ನಿಂತು ಇಡೀ ಸಂಸಾರವನ್ನು ಮೊದಲಿನಿಂದ ಮತ್ತೊಮ್ಮೆ ನೋಡುತ್ತಿದ್ದೆ. ಅತ್ತೆಯ ಮುಂದೆ ನನ್ನ ಪರವಾಗಿ ಕಣ್ಣು ಮಿಟುಕಿಸುತ್ತಿದ್ದವನು, "ಹಳೇ ಕಾಲದೋರು, ಅಡ್ಜಸ್ಟ್ ಮಾಡ್ಕೋ" ಎಂದು ಬೆನ್ನು ಸವರುತ್ತಿದ್ದವನು, ರಿಜಿಸ್ಟ್ರಾರ್ ಕಚೇರಿಯಲ್ಲಿ ನನ್ನ ಕೈ ಬಿಡದೆ ಹಿಡಿದುಕೊಂಡಿದ್ದವನು. ಹಿಡಿದುಕೊಂಡಿದ್ದ ಕೈಯನ್ನು ಎಲ್ಲಿ ಇಡಬೇಕು ಎಂದು ಆಗಲೇ ಅಳತೆ ಮಾಡಿಟ್ಟಿದ್ದ.

ಅವನು ಎದ್ದು, ಮುಖ ತೊಳೆದು, ಫೋನ್ ನೋಡುತ್ತ ಅಡುಗೆಮನೆಗೆ ಬಂದ. ಕಾಫಿ ಲೋಟ ಕೊಟ್ಟೆ. ಕಟ್ಟೆಗೆ ಒರಗಿಕೊಂಡು ಒಂದು ಗುಟುಕು ಕುಡಿದು, "ಫಸ್ಟ್ ಕ್ಲಾಸ್" ಎಂದ.

"ಒಂದು ಮಾತು ಕೇಳ್ತೀನಿ" ಎಂದೆ. "ಅಮ್ಮ ಹೋದ್ಮೇಲೆ ಆ ಕಡೆ ಯಾರು ಅಡಿಗೆ ಮಾಡ್ಬೇಕು?"

ಅವನ ಕಣ್ಣು ಫೋನಿನ ಮೇಲಿತ್ತು. ಯೋಚನೆ ಮಾಡಿ ಉತ್ತರ ಕೊಟ್ಟಿದ್ದರೆ ಏನು ಹೇಳುತ್ತಿದ್ದನೋ ಗೊತ್ತಿಲ್ಲ. ಅವನು ಯೋಚನೆ ಮಾಡಲಿಲ್ಲ.

"ಯಾರೂ ಬೇಡ" ಎಂದ. "ಆ ಕಡೆ ಹಾಗೇ ಖಾಲಿ ಇರ್ಲಿ ಬಿಡು."

ಉಳಿದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿದ. ಎಂಜಲು ಲೋಟವನ್ನು ಗೆರೆಯಿಂದ ಈಚೆಗೆ, ನನ್ನ ಕಡೆ ಇಟ್ಟು, ಪೇಪರ್ ಬಂದಿದೆಯೇ ನೋಡಲು ಹೊರಗೆ ಹೋದ.